ಬದನೆ ಕಟ್ಟಿದ ವೇಷ

"ಮಾವ, ಐದೂವರೆಗೇ ಊಟಕ್ಕೆ ಕೂರ್ಬೇಕು. ಹಸಿವಿಲ್ಲ ಗಿಸಿವಿಲ್ಲ ಅಂದ್ರೆ ಆಗೂದಿಲ್ಲ" ಎಂದು ಅಕ್ಕನ ಮಗಳು ಫೋನಿನಲ್ಲಿ ತಾಕೀತು ಮಾಡಿದಳು. ಐದೂವರೆ ಎಂದರೆ ನಮ್ಮ ಕುಂದಾಪುರದ ಕಡೆ ಚಾ ಕುಡಿಯುವ ಹೊತ್ತು. ಜೊತೆಗೆ ಎರಡು ಗೋಳಿಬಜೆ ಸಿಕ್ಕಿದರೆ ಪುಣ್ಯ. ಆ ಹೊತ್ತಿಗೆ ರಾತ್ರಿಯೂಟ ಮಾಡುವವರು ಆಸ್ಪತ್ರೆಯಲ್ಲಿ ಮಲಗಿದವರು ಮಾತ್ರ ಎಂದುಕೊಂಡಿದ್ದೆ. ನ್ಯೂಯಾರ್ಕಿನ ನಾಟಕದ ಕೇರಿಯಲ್ಲಿ ಅದು ಎಲ್ಲರೂ ಉಣ್ಣುವ ಹೊತ್ತು ಎಂಬುದು ಅಲ್ಲಿ ಕಾಲಿಟ್ಟ ಮೇಲೆ ಗೊತ್ತಾಯಿತು.

ಚಳಿಗಾಲದ ಒಂದು ಶನಿವಾರ. ಅವಳಿಗೆ ಲಾಟರಿಯಲ್ಲಿ ಒಂದು ಸಂಗೀತ ನಾಟಕದ ಟಿಕೆಟ್ ಹತ್ತಿತ್ತು. ಬ್ರಾಡ್‌ವೇಯಲ್ಲಿ ದುಬಾರಿ ಸೀಟುಗಳಲ್ಲಿ ಕೆಲವನ್ನು ಹೀಗೆ ಚೀಟಿ ಎತ್ತಿ ಅಗ್ಗಕ್ಕೆ ಕೊಡುತ್ತಾರೆ. ಆದರೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚಿಲ್ಲ. ಅವಳು, ಅವಳ ಗಂಡ, ನಾನು. ಮೂವರಿಗೆ ಎರಡು ಟಿಕೆಟ್. "ನೀವು ಹೋಗಿ ಮಾವ, ನಾನು ಇನ್ನೊಮ್ಮೆ ನೋಡ್ತೆ" ಎಂದಳು. ಗದ್ದೆಯಲ್ಲಿ ಬೆಳಗಿನವರೆಗೆ ಬಯಲಾಟ ನೋಡಿ ಬೆಳೆದವನಿಗೆ ಎರಡೂವರೆ ಗಂಟೆಯ ನಾಟಕವೊಂದು ತಪ್ಪಿದರೆ ಏನೂ ಆಗುವುದಿಲ್ಲ ಎಂದು ದೊಡ್ಡಸ್ತಿಕೆ ತೋರಿಸಿದೆ. ಊಟ ಮೂವರಿಗೂ, ನಾಟಕ ಇಬ್ಬರಿಗೆ ಎಂದು ತೀರ್ಮಾನವಾಯಿತು. ಹೀಗೆ ಟಿಕೆಟಿಲ್ಲದೆ ಉಳಿದದ್ದರಿಂದಲೇ ನನಗೆ ಆ ಸಂಜೆ ಬೇರೊಂದು ಆಟ ನೋಡಲು ಸಿಕ್ಕಿತು.

ಟೈಮ್ಸ್ ಚೌಕದ ದೀಪಗಳ ಬಗ್ಗೆ ಬರೆಯುವುದಿಲ್ಲ; ಅದನ್ನು ಎಲ್ಲರೂ ಬರೆದಿದ್ದಾರೆ. ಅಲ್ಲಿಂದ ಪಶ್ಚಿಮಕ್ಕೆ ಅಡ್ಡಬೀದಿಗಳಿಗೆ ಹೊರಳಿದರೆ ನಿಜವಾದ ನಾಟಕದ ಕೇರಿ ಶುರು. 'ಬ್ರಾಡ್‌ವೇ ಥಿಯೇಟರ್' ಎನಿಸಿಕೊಳ್ಳುವ ನಲವತ್ತೊಂದು ರಂಗಮಂದಿರಗಳಲ್ಲಿ ಬ್ರಾಡ್‌ವೇ ರಸ್ತೆಯ ಮೇಲೆಯೇ ಇರುವವು ಕೆಲವೇ ಕೆಲವು. ಉಳಿದವುಗಳಲ್ಲಿ ಹೆಚ್ಚಿನವು 41ನೇ ಬೀದಿಯಿಂದ 54ನೇ ಬೀದಿಯವರೆಗಿನ ಸಂದಿಗಳಲ್ಲಿ ಒಂದಕ್ಕೊಂದು ಬೆನ್ನು ತಾಗಿಸಿ ನಿಂತಿವೆ. ಐನೂರು ಅಥವಾ ಅದಕ್ಕಿಂತ ಹೆಚ್ಚು ಸೀಟುಗಳಿದ್ದರೆ ಬ್ರಾಡ್‌ವೇ ಎಂಬ ಪಟ್ಟ, ಕಡಿಮೆಯಿದ್ದರೆ ಇಲ್ಲ. ಶನಿವಾರ ಮಧ್ಯಾಹ್ನ ಒಂದು, ರಾತ್ರಿ ಒಂದು ಪ್ರದರ್ಶನ. ಮಧ್ಯಾಹ್ನದ ಜನ ಹೊರಬೀಳುವ ಹೊತ್ತಿಗೆ ರಾತ್ರಿಯ ಜನ ಬಂದಿಳಿಯುತ್ತಾರೆ. ಇಬ್ಬರಿಗೂ ಹಸಿವು. ಎಂಟನೇ ಮತ್ತು ಒಂಬತ್ತನೇ ಅವೆನ್ಯೂಗಳ ನಡುವಿನ 46ನೇ ಬೀದಿಗೆ 1973ರಲ್ಲಿ ಆಗಿನ ಮೇಯರ್ ಜಾನ್ ಲಿಂಡ್ಸೆ 'ರೆಸ್ಟೋರೆಂಟ್ ರೋ' ಎಂದು ಹೆಸರಿಟ್ಟರು. ಟೈಮ್ಸ್ ಚೌಕದಲ್ಲಿ ಅದೇ ದಿನದ ಟಿಕೆಟ್ಟುಗಳನ್ನು ರಿಯಾಯಿತಿಗೆ ಮಾರುವ ಕಟ್ಟೆ ತೆರೆದದ್ದೂ ಅದೇ ವರ್ಷ. ಜನ ಸಂಜೆ ಹೊತ್ತು ಆ ಕಡೆ ಸುಳಿಯಲು ಹೆದರುತ್ತಿದ್ದ ಕಾಲ ಅದು. ಊಟ ಮತ್ತು ಆಟ ಎರಡನ್ನೂ ಒಟ್ಟಿಗೆ ಮುಂದಿಟ್ಟು ಊರನ್ನು ಮತ್ತೆ ಕರೆತರಬೇಕಾಗಿತ್ತು.

ನಾವು ಹೋದ ಸಿಸಿಲಿಯ ಹೋಟೆಲಿಗೆ ರಸ್ತೆಯಿಂದ ನಾಲ್ಕು ಮೆಟ್ಟಿಲು ಇಳಿಯಬೇಕು. ಬಾಗಿಲು ತೆಗೆದೊಡನೆ ಬೆಳ್ಳುಳ್ಳಿ, ಹುರಿದ ಬ್ರೆಡ್ಡು, ಒದ್ದೆಯಾದ ಉಣ್ಣೆ ಕೋಟುಗಳ ಬಿಸಿ ವಾಸನೆ ಒಟ್ಟಿಗೇ ಮುಖಕ್ಕೆ ಬಡಿಯಿತು. ಹದಿನೈದೋ ಹದಿನಾರೋ ಮೇಜುಗಳು. ಪಕ್ಕದ ಮೇಜಿನವರ ಉಪ್ಪಿನ ಡಬ್ಬಿ ತೆಗೆದುಕೊಳ್ಳಲು ಕೈ ಚಾಚಬೇಕಿಲ್ಲ, ಮೊಣಕೈ ಸರಿಸಿದರೆ ಸಾಕು. ಗೋಡೆಯ ಮೇಲೆ ತಗಡಿನ ಕವಚ ತೊಟ್ಟ ಎರಡು ಗೊಂಬೆಗಳು ನೇತಾಡುತ್ತಿದ್ದವು. ಅವುಗಳ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮಾಣಿ ಬಂದವನೇ ಕೇಳಿದ್ದು "ಏನು ಕೊಡಲಿ" ಎಂದಲ್ಲ, "ಯಾವ ನಾಟಕ? ಎಷ್ಟು ಗಂಟೆಗೆ?" ಎಂದು. ಎಂಟಕ್ಕೆ ಎಂದಾಗ ಕೈಯ ಚೀಟಿಯ ಮೂಲೆಯಲ್ಲಿ 8 ಎಂದು ಬರೆದು ಅದಕ್ಕೊಂದು ಸುತ್ತು ಹಾಕಿದ. ಅಡುಗೆಮನೆಗೆ ಅದೇ ಆಜ್ಞೆ. ಈ ಕೇರಿಯ ಹೋಟೆಲು ನಡೆಸುವುದು ಎಷ್ಟು ಕಷ್ಟ ಎಂಬುದನ್ನು ಆ ಒಂದು ಅಂಕಿ ಹೇಳುತ್ತದೆ. ಬೇರೆ ಕಡೆ ಗಿರಾಕಿಗಳು ಹನಿಹನಿಯಾಗಿ ಬರುತ್ತಾರೆ, ಹನಿಹನಿಯಾಗಿ ಹೋಗುತ್ತಾರೆ. ಇಲ್ಲಿ ಎಲ್ಲ ಮೇಜುಗಳೂ ಅರ್ಧ ಗಂಟೆಯೊಳಗೆ ತುಂಬುತ್ತವೆ, ಎಲ್ಲವೂ ಒಂದೇ ಕಾಲು ಗಂಟೆಯಲ್ಲಿ ಬರಿದಾಗುತ್ತವೆ. ಮದುವೆ ಮನೆಯ ಪಂಕ್ತಿ ಇದ್ದ ಹಾಗೆ. ವ್ಯತ್ಯಾಸವೆಂದರೆ ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಸಾರು, ಇಲ್ಲಿ ಮೇಜಿಗೊಂದು ಬಯಕೆ. ಅದಕ್ಕೇ 'ನಾಟಕಕ್ಕೆ ಮುಂಚಿನ ಊಟ' ಎಂದು ಒಂದೇ ದರದ ಮೂರು ಸುತ್ತಿನ ಚಿಕ್ಕ ಪಟ್ಟಿ ಮಾಡಿರುತ್ತಾರೆ. ಬೇಗ ಆಗುವುದು, ಇಲ್ಲವೇ ಮೊದಲೇ ಆಗಿರುವುದು ಮಾತ್ರ ಅದರಲ್ಲಿರುತ್ತದೆ.

ಮೊದಲು ಬಂದದ್ದು ಕಪೊನಾತಾ. ಬದನೆ ಹೋಳುಗಳನ್ನು ಎಣ್ಣೆಯಲ್ಲಿ ಕರಿದು, ಸೆಲರಿ, ಈರುಳ್ಳಿ, ಆಲಿವ್, ಟೊಮೆಟೊ, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗುಗಳ ಜೊತೆ ವಿನೆಗರ್ ಮತ್ತು ಸಕ್ಕರೆ ಹಾಕಿ ಹದಗೊಳಿಸಿದ್ದು. ಬಾಯಿಗಿಟ್ಟಾಗ ನನಗೆ ನೆನಪಾದದ್ದು ನಮ್ಮ ಮೆಣಸ್ಕಾಯಿ. ಅದೇ ಹುಳಿ-ಸಿಹಿಯ ಜಗ್ಗಾಟ, ಬೆಲ್ಲದ ಬದಲು ಸಕ್ಕರೆ, ಹುಣಸೆಯ ಬದಲು ವಿನೆಗರ್, ಖಾರವೊಂದಿಲ್ಲ. ಮೆಣಸ್ಕಾಯಿಯ ಹಾಗೆಯೇ ಇದೂ ಮಾಡಿದ ದಿನಕ್ಕಿಂತ ಮರುದಿನ ರುಚಿ. ನಾಟಕದ ಕೇರಿಯ ಅವಸರಕ್ಕೆ ಹೇಳಿ ಮಾಡಿಸಿದ್ದು: ನಿನ್ನೆಯೇ ನಿಧಾನಕ್ಕೆ ಮಾಡಿಟ್ಟು ಇವತ್ತು ಚಮಚದಲ್ಲಿ ಎತ್ತಿ ಬಡಿಸಿದರೆ ಮುಗಿಯಿತು. ಈ ಹೆಸರು ಹುಟ್ಟಿದ ಬಗ್ಗೆ ಒಂದು ಮಾತಿದೆ. ಕಪೋನೆ ಎಂಬುದು ಸಿಸಿಲಿಯ ಒಂದು ಒಳ್ಳೆಯ ಮೀನು. ಸಿರಿವಂತರ ಮನೆಯಲ್ಲಿ ಅದನ್ನು ಈ ಹುಳಿ-ಸಿಹಿ ರಸದಲ್ಲಿ ಬಡಿಸುತ್ತಿದ್ದರು. ಮೀನು ಕೊಳ್ಳಲಾಗದವರು ರಸವನ್ನು ಹಾಗೆಯೇ ಇಟ್ಟುಕೊಂಡು ಮೀನಿನ ಜಾಗಕ್ಕೆ ಬದನೆಯನ್ನು ತಂದು ನಿಲ್ಲಿಸಿದರು ಎನ್ನುತ್ತಾರೆ. ಎಲ್ಲರೂ ಒಪ್ಪುವ ಕಥೆಯಲ್ಲ ಅದು. ಆದರೆ ಎರಡನೆಯ ತಟ್ಟೆ ಬಂದಾಗ ನನಗೆ ಅದರ ಮೇಲೆ ನಂಬಿಕೆ ಹೆಚ್ಚಿತು.

ಎರಡನೆಯದು ಮೀನು. ನಮ್ಮ ಬೂತಾಯಿಯ, ಅಂದರೆ ಬೈಗೆಯ ಹತ್ತಿರದ ನೆಂಟ. ಮುಳ್ಳು ತೆಗೆದು ಪುಸ್ತಕದ ಹಾಗೆ ಬಿಡಿಸಿ, ಒಳಗೆ ಬ್ರೆಡ್ಡಿನ ಹುಡಿ, ಒಣದ್ರಾಕ್ಷಿ, ಪೈನ್ ಬೀಜ ತುಂಬಿ, ಸುರುಳಿ ಸುತ್ತಿ, ಬಾಲ ಮಾತ್ರ ಮೇಲೆ ನಿಮಿರಿ ನಿಲ್ಲುವಂತೆ ಬೇಯಿಸಿದ್ದರು. ಹೆಸರು 'ಸಾರ್ದೆ ಆ ಬೆಕ್ಕಫೀಕೊ'. ಬೆಕ್ಕಫೀಕೊ ಎಂದರೆ ಅಂಜೂರ ಕುಕ್ಕಿ ತಿಂದು ಕೊಬ್ಬುವ ಒಂದು ಪುಟ್ಟ ಹಕ್ಕಿ. ಸಿಸಿಲಿಯ ಜಮೀನುದಾರರು ಅದನ್ನು ಬೇಟೆಯಾಡಿ ಇಡಿಯಾಗಿ ತಿನ್ನುತ್ತಿದ್ದರು. ಆಳುಕಾಳುಗಳಿಗೆ ಹಕ್ಕಿ ಎಲ್ಲಿಂದ ಬರಬೇಕು? ಕಡಲಲ್ಲಿ ಬೇಕಾದಷ್ಟು ಸಿಗುವ ಅಗ್ಗದ ಮೀನಿಗೇ ಹಕ್ಕಿಯ ವೇಷ ಕಟ್ಟಿದರು. ನಿಮಿರಿದ ಆ ಬಾಲ ಹಕ್ಕಿಯ ಪುಕ್ಕ!

"ಇದು ವೇಷ ಮಾರಾಯ್ತಿ" ಎಂದೆ ಜೋರಾಗಿ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಆಮೇಲೆ ಪ್ರತಿ ತಟ್ಟೆಯಲ್ಲೂ ನನಗೆ ಬಯಲಾಟದವರು ವೇಷ ಕಟ್ಟುವ ಚೌಕಿಯೇ ಕಾಣಲು ಶುರುವಾಯಿತು. ಅಕ್ಕಿಯ ಉಂಡೆ ಕೇಸರಿ ಬಣ್ಣ ಬಳಿದುಕೊಂಡು, ಹೊಟ್ಟೆಯೊಳಗೆ ಮಾಂಸದ ಗೊಜ್ಜು ಅಡಗಿಸಿಕೊಂಡು, ಹೊರಗೆ ಬ್ರೆಡ್ಡಿನ ಹುಡಿಯ ಸಿಪ್ಪೆ ತೊಟ್ಟು ಕಿತ್ತಳೆ ಹಣ್ಣಾಗುತ್ತದೆ. ಅದರ ಹೆಸರು ಅರಂಚೀನಿ, ಎಂದರೆ ಪುಟ್ಟ ಕಿತ್ತಳೆ. ಸಿಸಿಲಿಯ ಪಲೆರ್ಮೋದಲ್ಲಿ ಅದು ಸ್ತ್ರೀಲಿಂಗ, ದುಂಡಗೆ. ಕತಾನಿಯಾದಲ್ಲಿ ಪುಲ್ಲಿಂಗ, ಎಟ್ನಾ ಬೆಟ್ಟದ ಹಾಗೆ ಚೂಪು. ಈ ಲಿಂಗದ ಜಗಳ ಎರಡೂ ಊರುಗಳಿಗೆ ಎಂದೂ ತೀರದ ಚಟ. ಹುರಿದ ಬ್ರೆಡ್ಡಿನ ಹುಡಿ, ಚೀಸ್ ಕೊಳ್ಳಲಾಗದವರ ಮನೆಯಲ್ಲಿ ಚೀಸಿನ ಪಾತ್ರ ವಹಿಸುತ್ತದೆ. ಬಾದಾಮಿಯ ಹಿಟ್ಟು ಸಕ್ಕರೆ ಬೆರೆಸಿಕೊಂಡು, ಬಣ್ಣ ಹಚ್ಚಿಕೊಂಡು ಪೇರಳೆ, ಅಂಜೂರ, ಪೀಚ್ ಹಣ್ಣುಗಳಾಗುತ್ತದೆ. ಪಲೆರ್ಮೋದ ಮರ್ತೊರಾನಾ ಸನ್ಯಾಸಿನಿಯರ ಮಠದ ಹೆಸರು ಹೊತ್ತ ಮಿಠಾಯಿ ಅದು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ತಟ್ಟೆಯಲ್ಲಿ ಇಲ್ಲದ ಒಂದು ತಿನಿಸು. ಸಿಸಿಲಿಯವರಿಗೆ ಬೈಗೆಯಂಥದೇ ಮೀನು, ಕಾಡು ಸಬ್ಬಸಿಗೆಯಂಥ ಸೊಪ್ಪು, ಕೇಸರಿ, ಒಣದ್ರಾಕ್ಷಿ ಹಾಕಿದ ಪಾಸ್ತಾ ಎಂದರೆ ಪ್ರಾಣ. ಮೀನು ಸಿಗದ ದಿನ ಮೀನೊಂದನ್ನು ಬಿಟ್ಟು ಉಳಿದದ್ದೆಲ್ಲ ಹಾಕಿ ಮಾಡುತ್ತಾರೆ. ಅದರ ಹೆಸರು 'ಮೀನು ಇನ್ನೂ ಕಡಲಲ್ಲೇ ಇರುವ ಪಾಸ್ತಾ'. ಬಡತನವನ್ನು ಇಷ್ಟು ಚಂದವಾಗಿ ಗೇಲಿ ಮಾಡಿದ ಅಡುಗೆ ಪಟ್ಟಿ ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅಕ್ಕನ ಮಗಳು ತರಿಸಿಕೊಂಡದ್ದು ಪಾಸ್ತಾ ಆಲ್ಲಾ ನೋರ್ಮಾ. ಕರಿದ ಬದನೆ, ಟೊಮೆಟೊ, ತುಳಸಿಯ ಜಾತಿಯ ಬೇಸಿಲ್ ಎಲೆ, ಮೇಲೆ ತುರಿದ ಉಪ್ಪು ರಿಕೊತ್ತಾ ಚೀಸ್. ಇದಂತೂ ನೇರವಾಗಿ ರಂಗಸ್ಥಳದಿಂದಲೇ ಇಳಿದು ಬಂದದ್ದು. ಕತಾನಿಯಾದಲ್ಲಿ 1801ರಲ್ಲಿ ಹುಟ್ಟಿದ ವಿಂಚೆಂಜೊ ಬೆಲ್ಲೀನಿಯ ಒಪೆರಾ 'ನೋರ್ಮಾ'. 1831ರ ಡಿಸೆಂಬರ್ 26ರಂದು ಮಿಲಾನಿನ ಲಾ ಸ್ಕಾಲಾದಲ್ಲಿ ಅದರ ಮೊದಲ ಪ್ರದರ್ಶನ. ಆ ರಾತ್ರಿ ಜನ ಮುಖ ತಿರುಗಿಸಿದರು. ಕೆಲವೇ ದಿನಗಳಲ್ಲಿ ಅದೇ ಜನ ತಲೆಯ ಮೇಲೆ ಹೊತ್ತರು. ಬೆಲ್ಲೀನಿ ಮೂವತ್ತನಾಲ್ಕು ತುಂಬುವ ಮೊದಲೇ 1835ರಲ್ಲಿ ಪ್ಯಾರಿಸಿನ ಬಳಿ ತೀರಿಕೊಂಡ. 1890ರಲ್ಲಿ ಕತಾನಿಯಾ ತನ್ನ ಮಗನ ಹೆಸರಿನ ರಂಗಮಂದಿರ ತೆರೆದಾಗ ಆಡಿದ್ದು ನೋರ್ಮಾವನ್ನೇ. ಊರಿನಲ್ಲಿ ಯಾವುದೇ ವಸ್ತು ಅತ್ಯುತ್ತಮವಾಗಿದ್ದರೆ ಅದನ್ನು 'ನೋರ್ಮಾ' ಎನ್ನುವ ರೂಢಿ ಬಂತು. ನೀನೊ ಮರ್ತೋಲ್ಯೊ ಎಂಬ ನಾಟಕಕಾರ ಒಮ್ಮೆ ಬದನೆಯ ಈ ಪಾಸ್ತಾ ತಿಂದು, ಇದು ನಿಜವಾದ ನೋರ್ಮಾ ಎಂದು ಉದ್ಗರಿಸಿದನಂತೆ. ದಂತಕಥೆ ಇದ್ದೀತು. ಆದರೆ ಮರ್ತೋಲ್ಯೊ ದಂತಕಥೆಯಲ್ಲ. ಸಿಸಿಲಿಯವನೇ ಆದ ಲುಯಿಜಿ ಪಿರಾಂದೆಲ್ಲೋನ ಚಿಕ್ಕ ನಾಟಕಗಳನ್ನು 1910ರಲ್ಲಿ ರೋಮಿನಲ್ಲಿ ಮೊದಲು ರಂಗಕ್ಕೆ ತಂದವನು ಅವನು. ಮುಂದೆ ಪಿರಾಂದೆಲ್ಲೊ ನಾಟಕಕಾರನನ್ನು ಹುಡುಕಿಕೊಂಡು ಬರುವ ಆರು ಪಾತ್ರಗಳ ನಾಟಕ ಬರೆದ. ತನ್ನ ಒಟ್ಟು ನಾಟಕಗಳನ್ನು 'ಬತ್ತಲೆ ಮುಖವಾಡಗಳು' ಎಂದು ಕರೆದ. 1934ರಲ್ಲಿ ನೊಬೆಲ್ ಪಡೆದ. ಮುಖ ಯಾವುದು, ಮುಖವಾಡ ಯಾವುದು ಎಂದು ಜೀವಮಾನವಿಡೀ ಕೇಳಿದವನು, ಹಕ್ಕಿಯಂತೆ ಕಾಣುವ ಮೀನನ್ನು ತಿಂದು ಬೆಳೆದ ದ್ವೀಪದವನು ಎಂಬುದು ನನಗೆ ಆ ಮೇಜಿನಲ್ಲಿ ಕೂತು ಹೊಳೆದ ಸಂಗತಿ. ವಿಮರ್ಶಕರು ಒಪ್ಪದಿದ್ದರೆ ಬೇಡ.

ಬದನೆಯೇ ಅಲ್ಲಿಗೆ ನಮ್ಮ ಕಡೆಯಿಂದ ಹೋದ ಕಲಾವಿದ. ಭಾರತದ ಸುತ್ತಮುತ್ತ ಹುಟ್ಟಿದ ಈ ಕಾಯಿ ಪರ್ಷಿಯಾ ದಾಟಿ ಅರಬರ ಕೈಹಿಡಿದು ಸಿಸಿಲಿ ಸೇರಿತು. ಅರಬರು ಆ ದ್ವೀಪದಲ್ಲಿ ಇಳಿದದ್ದು 827ರಲ್ಲಿ, ಪಲೆರ್ಮೋ ಅವರ ವಶವಾದದ್ದು 831ರಲ್ಲಿ. 1072ರಲ್ಲಿ ನಾರ್ಮನ್ನರು ಅದನ್ನು ಕಸಿದುಕೊಳ್ಳುವವರೆಗೂ ಅವರೇ ಅಲ್ಲಿನ ಒಡೆಯರು. ನಿಂಬೆ, ಕಹಿ ಕಿತ್ತಳೆ, ಕಬ್ಬು ಅವರ ಕಾಲದಲ್ಲಿ ಬೇರು ಬಿಟ್ಟವು. ಇಟಲಿಯವರು ಮೊದಮೊದಲು ಬದನೆಯನ್ನು ನಂಬಲಿಲ್ಲ. 'ಮೆಲಂಝಾನಾ' ಎಂಬ ಅದರ ಹೆಸರನ್ನೇ ಒಡೆದು 'ಹುಚ್ಚು ಸೇಬು' ಎಂದು ಅರ್ಥ ಹಚ್ಚಿದರು. ಸಿಹಿಗೆ ಅವರು ಹೇಳುವ 'ಝುಕ್ಕೆರೊ' ಅರಬ್ಬಿಯ 'ಸುಕ್ಕರ್', ಅದರ ಹಿಂದಿರುವುದು ಸಂಸ್ಕೃತದ ಶರ್ಕರಾ. ನಮ್ಮ ಸಕ್ಕರೆಯೂ ಅಲ್ಲಿಂದಲೇ. ಅರಂಚೀನಿಯೊಳಗಿನ 'ಅರಂಚಾ' ಹಿಂದಕ್ಕೆ ಹೋಗುತ್ತ ಹೋಗುತ್ತ ನಾರಂಗವಾಗುತ್ತದೆ. ಅದರ ಬೇರು ದ್ರಾವಿಡ ನುಡಿಯದ್ದು ಎನ್ನುವ ಪಂಡಿತರು ಬಹಳ ಮಂದಿ. ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಎಂಬ ಕಥೆಯನ್ನಂತೂ ಬಿಟ್ಟೇಬಿಡಬೇಕು. ಅವನು ಊರಿಗೆ ಮರಳಿದ್ದು 1295ರಲ್ಲಿ. ನಾರ್ಮನ್ ರಾಜ ಎರಡನೆಯ ರೊಜರ್‌ನ ಆಸ್ಥಾನದಲ್ಲಿದ್ದ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲೇ, ಪಲೆರ್ಮೋ ಬಳಿಯ ತ್ರಾಬಿಯಾದಲ್ಲಿ ಒಣ ಶಾವಿಗೆ ಮಾಡಿ ಹಡಗು ತುಂಬಿ ಕಳಿಸುತ್ತಾರೆಂದು ಬರೆದಿಟ್ಟಿದ್ದಾನೆ. ನೋರ್ಮಾ ತಟ್ಟೆಯಲ್ಲಿ ಭಾರತದ ಬದನೆ, ಅಮೆರಿಕ ಖಂಡದ ಟೊಮೆಟೊ. ಎರಡೂ ಸಿಸಿಲಿಯಲ್ಲಿ ಭೇಟಿಯಾಗಿ, ವಲಸೆಗಾರರ ಹಡಗು ಹತ್ತಿ ಮ್ಯಾನ್‌ಹಟನ್‌ಗೆ ಬಂದವು.

ಗೊಂಬೆಗಳ ವಿಚಾರ ಹೇಳುತ್ತೇನೆಂದಿದ್ದೆ. ಅವು ಸಿಸಿಲಿಯ 'ಪೂಪಿ'ಗಳು. ಯುನೆಸ್ಕೊ ಆ ಗೊಂಬೆಯಾಟವನ್ನು 2001ರಲ್ಲೇ ಮಾನವಕುಲದ ಪರಂಪರೆ ಎಂದು ಸಾರಿತು. ನಮ್ಮ ಉಪ್ಪಿನಕುದ್ರಿನ ಯಕ್ಷಗಾನ ಗೊಂಬೆಗಳನ್ನು ದಾರದಲ್ಲಿ ಕುಣಿಸುತ್ತಾರಲ್ಲ, ಇವನ್ನು ಕಬ್ಬಿಣದ ಸರಳಿನಲ್ಲಿ ಆಡಿಸುತ್ತಾರೆ. ಒಂದು ಸರಳು ತಲೆಯ ಮೂಲಕ, ಇನ್ನೊಂದು ಕತ್ತಿ ಹಿಡಿದ ಬಲಗೈಗೆ. ನಮ್ಮ ಗೊಂಬೆ ಕುಣಿಯುತ್ತದೆ, ಅವರದು ಕಾದಾಡುತ್ತದೆ. ಶಾರ್ಲಮೇನ್ ದೊರೆಯ ವೀರ ಓರ್ಲಾಂದೊ, ಅವನ ದಾಯಾದಿ ರಿನಾಲ್ದೊ. ಇಬ್ಬರಿಗೂ ಆಂಜೆಲಿಕಾಳ ಮೇಲೆ ಮೋಹ. ದಿನಕ್ಕೊಂದು ಕಂತಿನಂತೆ ತಿಂಗಳುಗಟ್ಟಲೆ ನಡೆಯುವ ಕಥೆ. ಇದು ನ್ಯೂಯಾರ್ಕಿಗೂ ಬಂದಿತ್ತು. ಕತಾನಿಯಾದಿಂದ ಬಂದ ಅಗ್ರಿಪ್ಪೀನೊ ಮಾಂತೆಯೊ 1920 ಮತ್ತು 30ರ ದಶಕಗಳಲ್ಲಿ ಲಿಟಲ್ ಇಟಲಿಯ ಮಲ್ಬೆರಿ ಬೀದಿಯಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆಳೆತ್ತರಕ್ಕೆ ಸಮೀಪದ ಗೊಂಬೆಗಳನ್ನು ಆಡಿಸುತ್ತಿದ್ದರು. ಹಗಲೆಲ್ಲ ದುಡಿದು ಬಂದ ಸಿಸಿಲಿಯ ಕೂಲಿಗಳು ನೋಡುಗರು. ಅವರ ಮಗ ಮೈಕ್ ಮಾಂತೆಯೊಗೆ 1983ರಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಬಂತು. ಬ್ರಾಡ್‌ವೇಯ ದೀಪಗಳಿಂದ ಸುಮಾರು ಮೂರು ಮೈಲಿ ದೂರದಲ್ಲಿ ಬೇರೊಂದು ಬ್ರಾಡ್‌ವೇ ನಡೆದಿತ್ತು.

ಏಳೂಕಾಲು ದಾಟುತ್ತಿದ್ದಂತೆ ಹೋಟೆಲಿನ ಗಾಳಿಯೇ ಬದಲಾಯಿತು. ಮಾತು ತಗ್ಗಿತು, ಕೈಗಡಿಯಾರಗಳು ಹೊರಬಂದವು. ಬಿಲ್ಲುಗಳು ಕೇಳುವ ಮೊದಲೇ ಮೇಜು ಸೇರತೊಡಗಿದವು. ಮಾಣಿಗಳು ಓಡುತ್ತಿರಲಿಲ್ಲ, ಓಡಿದರೆ ಗಿರಾಕಿಗೆ ಗಾಬರಿ. ನಡಿಗೆ ಉದ್ದ ಮಾಡಿದ್ದರು ಅಷ್ಟೇ. ಬೆಂಗಳೂರಿನ ರಂಗಶಂಕರದಲ್ಲಿ ಬಾಗಿಲು ಹಾಕಿದ ಮೇಲೆ ಯಾರನ್ನೂ ಬಿಡುವುದಿಲ್ಲ ಎಂದು ಗೊತ್ತಿರುವವರಿಗೆ ಈ ತಳಮಳ ಹೊಸದಲ್ಲ. "ಮಾವ, ಕನೋಲಿ ತಿನ್ದೆ ಹೊರಟ್ರೆ ಪಾಪ ಬತ್ತ್" ಎಂದು ಅಕ್ಕನ ಮಗಳು ಬಾಗಿಲಿನಿಂದ ಕೂಗಿದಳು. ಏಳೂ ಮುಕ್ಕಾಲಿಗೆ ಹೋಟೆಲು ಖಾಲಿ.

ಖಾಲಿ ಎಂದರೆ ಪೂರಾ ಖಾಲಿ. ಮಡಚಿ ಬಿಸಾಕಿದ ನ್ಯಾಪ್ಕಿನ್ನುಗಳು, ಅರ್ಧ ಉಳಿದ ವೈನು, ಒಂದು ಕುರ್ಚಿಯ ಮೇಲೆ ಮರೆತ ಕೈಗವಸು. ಮೇಜನ್ನು ಸುಮ್ಮನೆ ಆಕ್ರಮಿಸುವುದು ಸರಿಯಲ್ಲವೆಂದು ನಾನು ಗಲ್ಲೆಯ ಪಕ್ಕದ ಎತ್ತರದ ಸ್ಟೂಲಿಗೆ ವರ್ಗವಾದೆ. ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟು ಬೀಡಿ ಹಚ್ಚುವ ವೇಷಧಾರಿಯ ಹಾಗೆ ಇಡೀ ಜಾಗ ಒಮ್ಮೆಗೇ ಸಡಿಲವಾಯಿತು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಕೇಳಿದ್ದು ಇಟಾಲಿಯನ್ ಅಲ್ಲ, ಸ್ಪ್ಯಾನಿಷ್. ಬೈಗೆಗೆ ಹಕ್ಕಿಯ ಬಾಲ ನಿಲ್ಲಿಸಿದವರು ಮೆಕ್ಸಿಕೋದ ಪ್ವೆಬ್ಲಾ ಕಡೆಯವರು. ನಮ್ಮ ಮಾಣಿ ನಿಂತಲ್ಲೇ ಒಂದು ಬಟ್ಟಲು ಪಾಸ್ತಾ ತಿನ್ನುತ್ತಿದ್ದ. ಸಿಸಿಲಿಯವನಾ ಎಂದು ಕೇಳಿದೆ. ನಕ್ಕ. ಓಹಾಯೊದವನಂತೆ. ನಟನಾಗಲು ಬಂದು ಆರು ವರ್ಷ. ಬೆಳಿಗ್ಗೆ ಆಡಿಷನ್, ಸಂಜೆ ತಟ್ಟೆ. "ನೀವು ಕೇಳಿದ್ದು ಒಳ್ಳೆಯದಾಯಿತು, ಸಿಸಿಲಿಯವನು ಎಂದು ನಂಬಿಸಿದ್ದೇನೆ ಅಂದರೆ ನಟನೆ ಪರವಾಗಿಲ್ಲ" ಎಂದ.

ಅವನೇ 2020ರ ಕೊರೊನಾ ಕಾಲದ ಮಾತೆತ್ತಿದ. ಮಾರ್ಚ್ 12ರಂದು ಬ್ರಾಡ್‌ವೇಯ ಎಲ್ಲ ಮಂದಿರಗಳೂ ಒಟ್ಟಿಗೆ ಬಾಗಿಲು ಹಾಕಿದವು. ದೊಡ್ಡ ಸಂಗೀತ ನಾಟಕಗಳು ಮರಳಿದ್ದು ಮರುವರ್ಷದ ಸೆಪ್ಟೆಂಬರಿನಲ್ಲಿ. ಹೋಟೆಲುಗಳು ಅದಕ್ಕೂ ಮೊದಲೇ ತೆರೆಯಬಹುದಿತ್ತು, ಹಲವು ತೆರೆದವು ಕೂಡ. ಬರುವವರು ಯಾರು? ಚೀಟಿಯ ಮೂಲೆಯಲ್ಲಿ ಬರೆಯಲು ಗಂಟೆಯೇ ಇರಲಿಲ್ಲ. ಆಟವಿಲ್ಲದ ರಂಗಸ್ಥಳದ ಮೇಲೆ ರಾತ್ರಿಯಿಡೀ ಒಂದೇ ಒಂದು ಬಲ್ಬು ಉರಿಸಿಡುವ ಪದ್ಧತಿ ಅಲ್ಲಿದೆ, ದೆವ್ವದ ದೀಪ ಎನ್ನುತ್ತಾರೆ. ಆ ಒಂದೂವರೆ ವರ್ಷ ಕೇರಿಯಲ್ಲಿ ಉರಿದದ್ದು ಅದೊಂದೇ.

ಹತ್ತೂವರೆಯ ಹೊತ್ತಿಗೆ ಬಾಗಿಲು ಮತ್ತೆ ಬಡಿದುಕೊಳ್ಳತೊಡಗಿತು. ಈಗ ಬಂದವರು ಬೇರೆ ಜಾತಿ. ಪಿಟೀಲಿನ ಪೆಟ್ಟಿಗೆ ಹೊತ್ತವರು, ಕಪ್ಪು ಬಟ್ಟೆಯ ರಂಗದ ಕೆಲಸಗಾರರು, ಕಿವಿಯ ಹಿಂದೆ ಬಣ್ಣ ಪೂರ್ತಿ ಹೋಗದ ಒಬ್ಬ ಹುಡುಗಿ. ಯಾರೂ ಗಡಿಯಾರ ನೋಡಲಿಲ್ಲ, ಯಾರನ್ನೂ ಮಾಣಿ ಗಂಟೆ ಕೇಳಲಿಲ್ಲ. ಈ ಕೇರಿಯಲ್ಲಿ ಉಣ್ಣಬೇಕಾದದ್ದು ಈ ಹೊತ್ತಿನಲ್ಲಿ. ಐದೂವರೆಯ ಊಟ ಒಳ್ಳೆಯದೇ, ಆದರೆ ಅದು ನಾಟಕದ ಊಟ. ಇದು ಹೋಟೆಲಿನ ಊಟ.

ಅಕ್ಕನ ಮಗಳು ಮೂಗು ಕೆಂಪಗೆ ಮಾಡಿಕೊಂಡು ಒಳಗೆ ಬಂದಳು. "ಅಯ್ಯೋ ಮಾವ, ನೀವು ಇಲ್ಲೇ ಇದ್ರಾ? ಮೂರು ಗಂಟೆ ಎಂತ ಮಾಡಿದ್ರಿ?"

"ಆಟ ನೋಡಿದೆ" ಎಂದೆ.

ಕನೋಲಿ ಮೂರು ಹೇಳಿದಳು. ಕರಿದ ಕೊಳವೆ ಮೊದಲೇ ತುಂಬಿಸಿಟ್ಟರೆ ರಿಕೊತ್ತಾದ ಪಸೆಗೆ ಮೆತ್ತಗಾಗುತ್ತದೆ. ಹಾಗಾಗಿ ಒಳ್ಳೆಯ ಕಡೆ ಕೇಳಿದ ಮೇಲೆಯೇ ತುಂಬುತ್ತಾರೆ. ಮಾಣಿ ಗಲ್ಲೆಯ ಮೇಲೆ, ನನ್ನ ಕಣ್ಣೆದುರೇ ಖಾಲಿ ಕೊಳವೆ ಹಿಡಿದು ಎರಡೂ ಬದಿಯಿಂದ ಕುರಿಹಾಲಿನ ರಿಕೊತ್ತಾ ಒತ್ತಿದ. ಒಂದು ತುದಿಗೆ ಪಿಸ್ತಾ ಹುಡಿ, ಇನ್ನೊಂದಕ್ಕೆ ಸಕ್ಕರೆ ಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ. ಮೇಲೆ ಸಕ್ಕರೆ ಹುಡಿ ಉದುರಿಸುವಾಗ ಅವನ ಮೂಗಿನ ತುದಿಗೂ ಒಂದಿಷ್ಟು ಹತ್ತಿತು. ಅವನಿಗೆ ಅದು ಗೊತ್ತಾಗಲಿಲ್ಲ, ನಾವು ಹೇಳಲೂ ಇಲ್ಲ.